ಫುಲ್‌ಶೀರಿನ ಸುಮಿತ್ರವ್ವ ಹೇಳಿದ ಸುದ್ದಿ

ಸುಮಿತ್ರವ್ವ ಧಾರವಾಡದಲ್ಲಿ ಶಿಕ್ಷಕಿಯಾಗಿದ್ದವರು. ಗಂಡ ಇರಣ್ಣ ಅಮೆರಿಕದ ಹ್ಯೂಸ್ಟನ್ನಿನ ಒಂದು ಟಿವಿ ಸ್ಟೇಶನ್ನಿನಲ್ಲಿ ಟ್ರಾನ್ಸ್‌ಮಿಟರ್ ನೋಡಿಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ಅದರ ಹೊರವಲಯದ ಫುಲ್‌ಶೀರಿನ ಮನೆಯ ಗ್ಯಾರೇಜಿನಲ್ಲಿ ಹಳೆಯ ಸಾಮಾನುಗಳಿಂದಲೇ ಅಕ್ಕಪಕ್ಕದ ಬೀದಿಗಳಿಗೆ ಟಿವಿ ಪ್ರಸಾರ ಮಾಡಬಲ್ಲ ಚಿಕ್ಕದೊಂದು ಟ್ರಾನ್ಸ್‌ಮಿಟರ್ ಕಟ್ಟಿಕೊಂಡಿದ್ದರು. ಲೈಸೆನ್ಸ್ ಇಲ್ಲದೆ ಅದನ್ನು ಚಾಲೂ ಮಾಡುವುದು ಅಪರಾಧವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

2021ರ ಫೆಬ್ರವರಿಯಲ್ಲಿ ಟೆಕ್ಸಸ್ಸೇ ಹೆಪ್ಪುಗಟ್ಟಿತು. ಕರೆಂಟ್ ಹೋಯಿತು, ಇಂಟರ್ನೆಟ್ ಹೋಯಿತು, ಫೋನ್ ಸಿಕ್ಕರೆ ಸಿಕ್ಕಿತು. ಚಂಡಮಾರುತ ಬಂದಾಗ ಬೇಕಾಗುತ್ತದೆಂದು ಸುತ್ತಲಿನ ಕನ್ನಡಿಗರೂ ಸೇರಿ ಹಲವರ ಮನೆಯಲ್ಲಿ ಬ್ಯಾಟರಿ ಟಿವಿಗಳಿದ್ದವು. ಇರಣ್ಣ ಮನೆಮನೆಗೆ ಹೋಗಿ ಚಾನೆಲ್ ನಂಬರ್ ತಿಳಿಸಿ ಬಂದು, ಜನರೇಟರ್ ಹಚ್ಚಿ, ಹೆಂಡತಿಯನ್ನು ಕ್ಯಾಮೆರಾ ಮುಂದೆ ಕೂರಿಸಿದರು. ನೀರು ಎಲ್ಲಿ ಸಿಗುತ್ತದೆ, ಯಾವ ಶಾಲೆಯಲ್ಲಿ ಬೆಚ್ಚಗಿನ ಜಾಗವಿದೆ ಎಂದು ಆಕೆ ಕನ್ನಡದಲ್ಲೂ ಬಂದಷ್ಟು ಇಂಗ್ಲಿಷಿನಲ್ಲೂ ಹೇಳಿದರು. ಎರಡನೆಯ ದಿನ ಇನ್ನೊಂದು ಮಾತು ಸೇರಿಸಿದರು.

“ಸಂಜಿಗೆ ಕರೆಂಟ್ ಬರ್ತೈತಂತ್ರಿ. ರೋಡ್ ಮ್ಯಾಲೆ ಐಸ್ ಐತಿ, ಯಾರೂ ಮನಿ ಬಿಟ್ಟು ಹೊರಗ ಬರಬ್ಯಾಡ್ರಿ.”

ಕರೆಂಟ್ ಬರಲಿಲ್ಲ. ಎರಡು ರಸ್ತೆ ಆಚೆ ಒಬ್ಬರೇ ಇದ್ದ ಗೋವಿಂದರಾಜು ಚಳಿಗೆ ತೀರಿಕೊಂಡದ್ದು ಮರುದಿನ ತಿಳಿಯಿತು. ಕಂಬಳಿ ಹೊದ್ದು ಸೋಫಾದಲ್ಲಿ ಕೂತಿದ್ದರಂತೆ, ಎದುರಿಗೆ ಪುಟ್ಟ ಟಿವಿ.

ಇರಣ್ಣ ಅಂದೇ ಎಲ್ಲ ಬಿಚ್ಚಿ ಪೆಟ್ಟಿಗೆಗೆ ತುಂಬಿದರು. “ಯಾರ ಮುಂದೂ ಬಾಯಿ ಬಿಡಬ್ಯಾಡ. ಜೇಲಿಗೆ ಹೋಗತೀವಿ,” ಎಂದರು.

ಆಮೇಲೆ ಮನೆಯ ಟಿವಿ ಹಾಕಿದರೆ ಸುದ್ದಿ ಓದುವವರ ಬಾಯಿಂದ ಸುಮಿತ್ರವ್ವನಿಗೆ ತನ್ನದೇ ದನಿ ಕೇಳಿಸತೊಡಗಿತು. ಆರಿಸಿದರೆ ಕರಿ ಗಾಜಿನ ಹಿಂದೆ ಯಾರೋ ಕೂತು, ಮುಂದಿನ ಮಾತಿಗೆ ಕಾಯುತ್ತಿದ್ದಂತೆ ಅನ್ನಿಸುತ್ತಿತ್ತು. ಅದಕ್ಕೊಂದು ಹಳೆಯ ಸೀರೆ ಹೊದಿಸಿದರು. ಸೀರೆಯೊಳಗಿನಿಂದಲೂ ಆ ಕೂತವರು ತನ್ನನ್ನೇ ನೋಡುತ್ತಿದ್ದರು.

ಗೋವಿಂದರಾಜು ಅವರ ಮಗ ಸಮರ್ಥ್ ಆಸ್ಟಿನ್‌ನಲ್ಲಿ ಕೆಲಸದಲ್ಲಿದ್ದ. ಮರುವರ್ಷದ ಯುಗಾದಿ ಕೂಟಕ್ಕೆ ಬಂದವನು ಊಟದ ಹೊತ್ತಿಗೆ ಎಲ್ಲರನ್ನೂ ಕೇಳಿದ: “ಟಿವೀಲಿ ಕನ್ನಡ ಮಾತಾಡಿದ ಆಂಟಿ ಯಾರು?” ಗೊತ್ತಿದ್ದವರೆಲ್ಲ ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಿದ್ದರು. ಇರಣ್ಣ ಸೆರಗು ಹಿಡಿದರೂ ಕೇಳದೆ ಸುಮಿತ್ರವ್ವ ಎದ್ದರು.

“ನಾನ ನೋಡಪ್ಪಾ.”

ಅವನು ತಟ್ಟೆ ಹಿಡಿದೇ ಹತ್ತಿರ ಬಂದ. “ಶಾಲೇಲಿ ಬೆಚ್ಚಗಿನ ಜಾಗ ಇದೆ, ಅಲ್ಲಿಗೆ ಹೋಗಿ ಅಂತ ಅಪ್ಪಂಗೆ ಫೋನ್ ಮಾಡಿದ್ದೆ ಆಂಟಿ. ‘ಟಿವೀಲಿ ನಮ್ಮೋರೇ ಹೇಳ್ತಿದ್ದಾರೆ ಕಣೋ, ಸಂಜೆ ಕರೆಂಟ್ ಬರುತ್ತಂತೆ’ ಅಂದ್ರು. ನಾನೂ ಸರಿ ಅಂದ್ಬಿಟ್ಟೆ. ಬರುತ್ತೆ ಅಂತ ನಿಮಗೆ ಯಾರು ಹೇಳಿದ್ರು?”

“ಯಾರೂ ಹೇಳಿದ್ದಿಲ್ಲ. ಮಂದಿಗೆ ಧೈರ್ಯ ಬರ್ಲಿ ಅಂತ ನಾನ ಹೇಳಿಬಿಟ್ಟೆ.”

ಸಮರ್ಥ್ ತಟ್ಟೆ ಕೆಳಗಿಟ್ಟು ಹೊರಟುಹೋದ. ಬೈಯಲಿಲ್ಲ. ಯಾರಿಗೂ ದೂರು ಕೊಡಲಿಲ್ಲ. ಮತ್ತೆಂದೂ ಆ ಕಡೆ ಬರಲೂ ಇಲ್ಲ.

ಈಗ ಚಳಿ ಬಿದ್ದಾಗಲೆಲ್ಲ ಸುಮಿತ್ರವ್ವ ಒಂಟಿಯಾಗಿರುವ ಹಿರಿಯರ ಬಾಗಿಲು ತಟ್ಟಿ, ಒಳಗೆ ಹೋಗಿ, ಕೋಣೆ ಬೆಚ್ಚಗಿದೆಯೇ ಎಂದು ತಾವೇ ನೋಡಿ ಬರುತ್ತಾರೆ. ಗೋವಿಂದರಾಜು ಇದ್ದ ಮನೆಯಲ್ಲಿ ಈಗ ಮೆಕ್ಸಿಕೋದ ಕುಟುಂಬವೊಂದಿದೆ. ಆ ಮನೆಯಾಕೆ ನಗುತ್ತಾ ಕಾಫಿಗೆ ಕರೆಯುತ್ತಾಳೆ. ಸುಮಿತ್ರವ್ವ ಆ ಹೊಸ್ತಿಲನ್ನು ಮಾತ್ರ ಇದುವರೆಗೆ ದಾಟಿಲ್ಲ.