ನಿಧಾನಿಯ ಜೀಪು ಮತ್ತು ಕಬ್ಬಿಣದ ಕಮಾನು

ಅವಳನ್ನು ಮನೆಯವರು, ಓಣಿಯವರು, ಗೋದಾಮಿನವರು ಎಲ್ಲರೂ ಕರೆಯುತ್ತಿದ್ದದ್ದು ನಿಧಾನಿ ಎಂದೇ. ಚಿಕ್ಕಂದಿನಲ್ಲಿ ಊಟಕ್ಕೆ ಕೂತರೆ ಉಳಿದವರೆಲ್ಲ ಕೈತೊಳೆದು ಬಂದರೂ ಅವಳ ತಟ್ಟೆಯಲ್ಲಿ ಅರ್ಧ ಹಾಗೇ ಇರುತ್ತಿತ್ತಂತೆ. ದೊಡ್ಡವಳಾಗಿ ಜೀಪು ಓಡಿಸಲು ಕಲಿತ ಮೇಲೆ ಆ ಹೆಸರು ಇನ್ನಷ್ಟು ಗಟ್ಟಿಯಾಯಿತು. ಊರಿನ ಬೆನ್ನಿಗೆ ನಿಂತಿದ್ದ ಬೆಟ್ಟದ ನೆತ್ತಿಯ ಮೇಲೆ ಹವಾಮಾನ ನೋಡುವವರ ಕೇಂದ್ರವೊಂದಿತ್ತು. ಅಲ್ಲಿಗೆ ರಸ್ತೆ ಎಂಬುದು ಹೆಸರಿಗೆ ಮಾತ್ರ. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಯಾರೋ ಬೆರಳಿನಿಂದ ಗೀರಿದ ಹಾಗಿದ್ದ ಒಂದು ದಾರಿ. ಆ ದಾರಿಯಲ್ಲಿ ದಿನಸಿ, ಬ್ಯಾಟರಿ, ಗ್ಯಾಸ್ ಸಿಲಿಂಡರುಗಳನ್ನು ಹೊತ್ತು ಹೋಗುತ್ತಿದ್ದದ್ದು ನಿಧಾನಿಯ ಸ್ವಂತ ಜೀಪು. ಬೇರೆ ಡ್ರೈವರುಗಳು ಬಂದರು, ಹೋದರು. ಆತುರದವರು ಒಂದೆರಡು ಸಲ ಹೋಗಿ ಬಂದು ಕೈಮುಗಿದರು. ನಿಧಾನಿ ಮಾತ್ರ ಒಂದನೇ ಗೇರಿನಲ್ಲಿ ಹತ್ತಿ, ಒಂದನೇ ಗೇರಿನಲ್ಲೇ ಇಳಿದು ಬರುತ್ತಿದ್ದಳು.

ಬೆಟ್ಟ ಅವಳಿಗೆ ಒಂದು ಗೀರನ್ನೂ ಮಾಡಲಿಲ್ಲ. ಮಾಡಿದ್ದು ಗೋದಾಮಿನ ಸಪಾಟಾದ ಅಂಗಳ. ಸಿಲಿಂಡರ್ ಏರಿಸುತ್ತ ನಿಂತಿದ್ದಾಗ ಹಿಂದಕ್ಕೆ ಬಂದ ಲಾರಿಯೊಂದು ಅವಳನ್ನು ಗೋಡೆಗೆ ಒತ್ತಿಬಿಟ್ಟಿತು. ಜೀವ ಉಳಿಯಿತು, ಎಡಗಾಲು ಮೊಣಕಾಲಿನ ಮೇಲಿನಿಂದಲೇ ಹೋಯಿತು.

ಅವಳ ಅಕ್ಕನ ಗಂಡ ವೆಲ್ಡಿಂಗ್ ಮಾಡುವವನು. ಬಸ್‌ನಿಲ್ದಾಣದ ಹಿಂದಿನ ಸಂದಿಯಲ್ಲಿ ತಗಡಿನ ಶೆಡ್ಡು. ಗೇಟು, ಕಿಟಕಿಯ ಗ್ರಿಲ್ಲು, ನೀರಿನ ಟ್ಯಾಂಕಿನ ಸ್ಟ್ಯಾಂಡು, ಹೀಗೆ ನೆಲದ ಮೇಲೆ ಅಲುಗಾಡದೆ ನಿಲ್ಲುವ ವಸ್ತುಗಳೇ ಅವನ ಕೆಲಸ. ನಾದಿನಿ ಆಸ್ಪತ್ರೆಯಿಂದ ಅವರ ಮನೆಗೇ ಬಂದಳು. ಕೃತಕ ಕಾಲು ಬಂತು, ಊರುಗೋಲು ಬಂತು, ನೋಡಲು ಬಂದವರ ಕಣ್ಣೀರೂ ಬಂತು. ಅವಳು ಮಾತ್ರ ಅಳಲಿಲ್ಲ. ಕಿಟಕಿಯ ಬಳಿ ಕೂತು ಬೆಟ್ಟವನ್ನು ನೋಡುತ್ತಿದ್ದಳು. ಭಾವನಿಗೆ ಅದು ಅಳುವುದಕ್ಕಿಂತ ಕಷ್ಟವಾಗಿ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಅವಳು ಆಟೋ ಹತ್ತಿ ನೇರ ಶೆಡ್ಡಿಗೇ ಬಂದಳು. ಹಿಂದೆಯೇ ಗೋದಾಮಿನ ಮೆಕ್ಯಾನಿಕ್ ಅವಳ ಜೀಪನ್ನು ಓಡಿಸಿಕೊಂಡು ಬಂದು ನಿಲ್ಲಿಸಿ ಹೋದ. ಅವನ ಕೈಯಲ್ಲಿ ಆಗಲೇ ಒಂದು ಕೆಲಸ ಮಾಡಿಸಿದ್ದಳು: ಕ್ಲಚ್ಚನ್ನು ಕಾಲಿನ ಬದಲು ಕೈಯಿಂದ ಒತ್ತಲು ಸ್ಟೀರಿಂಗ್ ಪಕ್ಕ ಒಂದು ಹಿಡಿ. ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರನ್ನು ಕಂಡು ಒಪ್ಪಿಗೆಯನ್ನೂ ತಂದಿದ್ದಳು. ಭಾವನಿಗೆ ಇದೊಂದೂ ಗೊತ್ತಿರಲಿಲ್ಲ. ಹೆಂಡತಿಗೆ ಗೊತ್ತಾದರೆ ತನ್ನ ಗತಿಯೇನು ಎಂಬುದೇ ಅವನಿಗೆ ಮೊದಲು ಹೊಳೆದದ್ದು.

"ಓಡಿಸೋಕೆ ಬರುತ್ತೆ ಭಾವ. ಹತ್ತೋಕೆ ಬರಲ್ಲ," ಎಂದಳು ನಿಧಾನಿ.

ಅವಳು ಹೇಳಿದ್ದು ನಿಜವೇ. ಸ್ಟೀರಿಂಗ್ ಬಲಗಡೆ ಇರುವ ಗಾಡಿಗೆ ಹತ್ತುವಾಗ ಯಾರೇ ಆಗಲಿ ಮೊದಲು ಒಳಗಿಡುವುದು ಎಡಗಾಲು. ಆ ಕಾಲೇ ಅವಳಿಗಿರಲಿಲ್ಲ. ಕೃತಕ ಕಾಲಿನ ಮೇಲೆ ಅಷ್ಟು ಎತ್ತರಕ್ಕೆ ಭಾರ ಹಾಕುವಂತಿಲ್ಲ. ಸೀಟುಗಳ ಹಿಂದೆ ಕಂಪನಿಯಿಂದಲೇ ಬಂದ ರೋಲ್ ಬಾರ್ ಇತ್ತು. ಗಾಡಿ ಮಗುಚಿದರೆ ತಲೆಗಳನ್ನು ಕಾಯಲೆಂದು ಕಮಾನಿನಂತೆ ಬಗ್ಗಿಸಿ ನಿಲ್ಲಿಸಿದ ಒಂದೇ ಒಂದು ಕಬ್ಬಿಣದ ಪೈಪು. ಅದನ್ನು ಹಿಡಿದು ಏರಲು ನೋಡಿದ್ದಳು. ಅದು ಬೆನ್ನಿನ ಹಿಂದಿತ್ತು, ಕೈ ತಿರುಚಿಕೊಳ್ಳುತ್ತಿತ್ತು.

ಭಾವ ಇಷ್ಟೇ ತಾನೇ ಅಂದುಕೊಂಡ. ಕಮಾನಿಗೆ ಒಂದು ಹಿಡಿಕೆ ಬೆಸೆದರಾಯಿತು, ಅರ್ಧ ಗಂಟೆಯ ಕೆಲಸ. ಮುಖಕ್ಕೆ ಗಾಜು ಇಳಿಸಿಕೊಂಡು, ವೆಲ್ಡಿಂಗ್ ರಾಡನ್ನು ಪೈಪಿನ ಹತ್ತಿರ ಒಯ್ದವನು ಹಾಗೇ ನಿಂತುಬಿಟ್ಟ. ಗೇಟಿನ ಪೈಪಿಗೆ ಬೆಂಕಿ ತಾಗಿಸುವಾಗ ಯಾವತ್ತೂ ಬಾರದ ಯೋಚನೆ ಆಗ ಬಂತು. ಬೆಸೆದ ಜಾಗ ಗಟ್ಟಿಯಾಗಿರುತ್ತದೆ, ಆದರೆ ಅದರ ಪಕ್ಕದ ಲೋಹ ಬೆಂದು ಮೊದಲಿನ ಗುಣ ಬಿಟ್ಟಿರುತ್ತದೆ. ಕಿಟಕಿಯಲ್ಲಾದರೆ ಯಾರಿಗೂ ನಷ್ಟವಿಲ್ಲ. ಇಲ್ಲಿ ಆ ಪೈಪಿನ ಕೆಳಗೆ ಕೂರುವುದು ಒಂದು ತಲೆ, ಅದೂ ತನ್ನ ಮನೆಯ ತಲೆ.

ಅವನು ಗಾಜು ಮೇಲೆತ್ತಿ ಜೀಪಿನ ಕೆಳಗೆ ತೂರಿದ. ಕಮಾನಿನ ಪಾದಗಳು ಬೋಲ್ಟಿನಿಂದ ಕೂತಿದ್ದದ್ದು ಬರೀ ತಗಡಿನ ಮೇಲೆ. ಎಷ್ಟೋ ಮಳೆಗಾಲ ಕಂಡ ಆ ತಗಡು ಉಗುರಿನಿಂದ ಕೆರೆದರೆ ಹಕ್ಕಳೆ ಏಳುವ ಹಾಗಾಗಿತ್ತು. ಇಷ್ಟು ವರ್ಷ ಇವಳು ಇದನ್ನೇ ನಂಬಿ ಆ ಇಳಿಜಾರಿನಲ್ಲಿ ಓಡಾಡಿದ್ದಳು. ಎದ್ದು ಬಂದವನು, ಹಿಡಿಕೆಯ ಮಾತು ಬಿಡು, ಮಾಡಿದರೆ ಸುತ್ತ ಪೈಪಿನ ಪೂರ್ತಿ ಪಂಜರ ಮಾಡಬೇಕು, ಇಲ್ಲದಿದ್ದರೆ ಮುಟ್ಟಬಾರದು ಎಂದ. ನಿಧಾನಿ ನಿಧಾನವಾಗಿ ನಕ್ಕಳು. ಅವಳಿಗೂ ಬೇಕಿದ್ದದ್ದು ಅದೇ. ಭಾವನ ಬಾಯಿಂದಲೇ ಬರಲಿ ಎಂದು ಕಾದಿದ್ದಳು.

ಹೆಂಡತಿಗೆ ವಿಷಯ ತಿಳಿದಾಗ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ತಂಗಿಯ ಜೊತೆಗೂ ಗಂಡನ ಜೊತೆಗೂ ಮಾತು ಬಿಟ್ಟಳು. ಚಹಾದ ಲೋಟವನ್ನು ಟೇಬಲ್ಲಿನ ಮೇಲೆ ಕುಕ್ಕುವ ಸದ್ದಿನಿಂದಲೇ ಅವತ್ತಿನ ಸಿಟ್ಟಿನ ಮಟ್ಟ ಗೊತ್ತಾಗುತ್ತಿತ್ತು. ಒಂದು ಸಲ ಮಾತ್ರ ಬಾಗಿಲಲ್ಲಿ ನಿಂತು, "ಒಂದು ಕಾಲು ಕೊಟ್ಟಾಯ್ತು. ಉಳಿದಿದ್ದನ್ನ ಕೊಡೋಕೆ ನೀವು ದಾರಿ ಮಾಡಿಕೊಡ್ತಿದ್ದೀರಾ," ಎಂದಳು. ಅವನು ಶೆಡ್ಡಿಗೆ ಹೊರಟ.

ಕೆಲಸ ಅವನೆಣಿಸಿದಂತೆ ಸಾಗಲಿಲ್ಲ. ಮೊದಲ ಪೈಪನ್ನು ತಾನೇ ಬಗ್ಗಿಸಲು ಹೋದಾಗ ಬಾಗಿನ ಒಳಮೈ ಮುದುಕಿಯ ಮೊಣಕೈಯಂತೆ ಸುಕ್ಕುಗಟ್ಟಿತು. ಸುಕ್ಕು ಬಿದ್ದ ಪೈಪು ಭಾರ ಬಿದ್ದಾಗ ಅಲ್ಲೇ ಮಡಚಿಕೊಳ್ಳುತ್ತದೆ. ಅದನ್ನು ಮೂಲೆಗೆಸೆದು, ಬಸ್ಸಿನ ಬಾಡಿ ಕಟ್ಟುವವರ ಬಳಿ ಹೋಗಿ, ಅವರ ಹೈಡ್ರಾಲಿಕ್ ಯಂತ್ರದಲ್ಲಿ ಬಗ್ಗಿಸಿ ತಂದ. ಕೊಳವೆಯ ದುಂಡು ಎಲ್ಲೂ ಕೆಡದೆ, ಹೊರಳಿ ಮಲಗಿದ ಹಾವಿನಂತೆ ನಯವಾಗಿ ತಿರುಗಿದ್ದ ಆ ಬಾಗನ್ನು ಅವನು ಬಹಳ ಹೊತ್ತು ಕೈಯಿಂದ ಸವರುತ್ತಿದ್ದ.

ಹೊಸ ಪೈಪುಗಳು ಎಲ್ಲಿ ಹಾದುಹೋಗಬೇಕೆಂದು ಗೊತ್ತುಮಾಡಿದ ರೀತಿಯನ್ನು ಅವನು ಆಮೇಲೂ ಮರೆಯಲಿಲ್ಲ. ನಾದಿನಿಯನ್ನು ಜೀಪಿನ ಪಕ್ಕ ನಿಲ್ಲಿಸಿ, "ಕಣ್ಣು ಮುಚ್ಕೊಂಡು ಕೈ ಚಾಚು. ಹುಡುಕಬೇಡ, ಎಲ್ಲಿಗೆ ಹೋಗುತ್ತೋ ಹೋಗಲಿ," ಎಂದ. ಅವಳ ಬಲಗೈ ಗಾಜಿನ ಚೌಕಟ್ಟಿನ ಪಕ್ಕ ಗಾಳಿಯಲ್ಲಿ ಒಂದು ಕಡೆ ನಿಂತಿತು, ಎಡಗೈ ತಲೆಯ ಮೇಲೆ ಇನ್ನೊಂದು ಕಡೆ. ಮತ್ತೆ ಮಾಡಿಸಿದ. ಕೈಗಳು ಮತ್ತೆ ಅಲ್ಲಿಗೇ ಹೋದವು. ಅಲ್ಲಿಗೆ ದಾರ ಕಟ್ಟಿದ, ದಾರ ಹೋದಲ್ಲಿ ಪೈಪು ಹೋಯಿತು. ಮುಂದಿನ ಗಾಜನ್ನು ಸುತ್ತುವರಿದು ಎರಡನೆಯ ಕಮಾನು, ತಲೆಯ ಮೇಲಿಂದ ಹಾದು ಹಳೆಯದನ್ನು ಸೇರುವ ಪಕ್ಕದ ಪೈಪುಗಳು, ಹಿಂದೆ ಸಾಮಾನಿನ ಜಾಗವನ್ನು ತಬ್ಬಿ ಇಳಿಯುವ ಇನ್ನೆರಡು. ಕಂಪನಿಯ ಕಮಾನಿಗೆ ಅವನು ಬೆಂಕಿ ಮುಟ್ಟಿಸಲೇ ಇಲ್ಲ. ದಪ್ಪ ಪಟ್ಟಿಯಿಂದ ಬಳೆಗಳನ್ನು ಮಾಡಿ, ಬೋಲ್ಟು ಬಿಗಿದು ಹೊಸದನ್ನು ಹಳೆಯದಕ್ಕೆ ತೊಡಿಸಿದ. ಕೊಳೆತ ತಗಡನ್ನು ಕತ್ತರಿಸಿ ತೆಗೆದು, ಎಲ್ಲ ಪಾದಗಳನ್ನೂ ಗಾಡಿಯ ಬೆನ್ನೆಲುಬಾದ ಚಾಸಿಗೇ ಇಳಿಸಿದ.

ಬಣ್ಣ ಒಣಗಿದ ದಿನ ನಿಧಾನಿ ಊರುಗೋಲನ್ನು ಗೋಡೆಗೆ ಒರಗಿಸಿ ಬಂದಳು. ಎರಡು ಕೈ ಚಾಚಿದಳು, ಹಿಡಿದಳು. ಆಮೇಲೆ ನಡೆದದ್ದು ಭಾವನಿಗೆ ಸರಿಯಾಗಿ ಕಾಣಲೇ ಇಲ್ಲ. ನೆಲದ ಮೇಲಿದ್ದವಳು ಸೀಟಿನ ಮೇಲಿದ್ದಳು. ನಡುವೆ ಏನೂ ಇರಲಿಲ್ಲ. ಹುಟ್ಟಿದಾಗಿನಿಂದ ನಿಧಾನವೇ ಆಗಿದ್ದವಳು ಅವತ್ತು ಮೊದಲ ಬಾರಿ ಬೇಗ ಮಾಡಿದ ಕೆಲಸ ಅದು. ಅವನು ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದ. ತನ್ನ ಕಬ್ಬಿಣಕ್ಕೆ ಇಂಥದ್ದೊಂದು ಶಕ್ತಿಯಿದೆಯೆಂದು ಅವನು ಯಾವತ್ತೂ ಅಂದುಕೊಂಡಿರಲಿಲ್ಲ.

ಮೊದಲ ಸಲ ಮೇಲೆ ಹೋಗುವಾಗ ಜೊತೆಗೊಬ್ಬರು ಬೇಕಿತ್ತು. "ಕಟ್ಟಿದವರೇ ಅದರ ಕೆಳಗೆ ಕೂರಬೇಕು ಭಾವ," ಎಂದಳು ಅವಳು. ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದಿದ್ದರೂ ಅವನು ಒಮ್ಮೆಯೂ ಅದನ್ನು ಹತ್ತಿದವನಲ್ಲ. ಹೆಂಡತಿಗೆ ಹೇಳಿ ಹೊರಟ. ಅವಳು ತಲೆಯೆತ್ತಿ ನೋಡಲಿಲ್ಲ.

ಅರ್ಧ ದಾರಿಯವರೆಗೆ ಅವನು ಬೆಟ್ಟವನ್ನು ನೋಡಲಿಲ್ಲ, ಅವಳ ಕೈಗಳನ್ನೇ ನೋಡಿದ. ಕ್ಲಚ್ಚಿಗೊಂದು, ಗೇರಿಗೊಂದು, ಸ್ಟೀರಿಂಗಿಗೊಂದು ಎಂದು ಮೂರು ಕೈ ಇದ್ದವಳಂತೆ ಓಡಿಸುತ್ತಿದ್ದಳು. ಆಮೇಲೆ ಎಡಕ್ಕೆ ನೋಡಿದ. ನೋಡಬಾರದಿತ್ತು. ಅವನ ಮೊಣಕೈಯಿಂದಾಚೆ ನೆಲವೇ ಇರಲಿಲ್ಲ; ಬರೀ ಗಾಳಿ, ಅದರ ತಳದಲ್ಲಿ ಎಲ್ಲೋ ಒಂದು ಹಳ್ಳದ ಬಿಳಿ ಗೆರೆ.

ನೆತ್ತಿ ಇನ್ನೇನು ಕಂಡಿತು ಅನ್ನುವಾಗ ದಾರಿಯ ಎಡದ ಅಂಚು ಸದ್ದಿಲ್ಲದೆ ಕುಸಿಯಿತು. ಜೀಪು ಬೀಳಲಿಲ್ಲ, ವಾಲಿತು. ದಣಿದ ದನ ಮಲಗಿದ ಹಾಗೆ ಮೆಲ್ಲಗೆ ಎಡಕ್ಕೆ ಮಲಗಿತು. ಮಲಗಿದ್ದು ಜಾರತೊಡಗಿತು. ಕಿವಿಯ ಪಕ್ಕದಲ್ಲೇ ಪೈಪು ಕಲ್ಲನ್ನು ಉಜ್ಜುವ ಕರ್ಕಶ ಸದ್ದು, ಮುಖಕ್ಕೆ ರಾಚುವ ಮಣ್ಣು. ಆಮೇಲೆ ಒಂದು ಗಟ್ಟಿ ಹೊಡೆತ. ನಿಂತಿತು. ತಲೆಯ ಮೇಲಿನ ಪೈಪು ಒಂದು ಬಂಡೆಗೆ ಸಿಕ್ಕಿಕೊಂಡು, ಅಲುಗದೆ ನಿಂತಿತ್ತು. ಅವನು ತಾನೇ ಬಿಗಿದ ಬಳೆಯೊಂದು ಅವನ ಮೂಗಿನ ಮುಂದೆಯೇ ಇತ್ತು, ಅದರಾಚೆ ಆ ಬಿಳಿ ಗೆರೆ.

ಮೇಲೆ, ಬೆಲ್ಟಿನಲ್ಲಿ ಜೋತಾಡುತ್ತಿದ್ದ ನಿಧಾನಿ ಇಂಜಿನ್ ಆರಿಸಿದಳು.

"ಭಾವ, ಏನಾದ್ರೂ ಮುರಿದಿದೆಯಾ?"

ಅವನು ಕೈಕಾಲು ಆಡಿಸಿ ನೋಡಿ ಇಲ್ಲವೆಂದ. ಅವಳು ಅವಸರಪಡಲಿಲ್ಲ. ಕೃತಕ ಕಾಲು ಸ್ಟೀರಿಂಗ್ ಕೆಳಗೆ ಸಿಕ್ಕಿಕೊಂಡಿತ್ತು. ನೇತಾಡುತ್ತಲೇ ಅದರ ಪಟ್ಟಿ ಬಿಚ್ಚಿ, ಎಳೆದು, ಅವನ ಕೈಗೆ ಇಳಿಬಿಟ್ಟಳು. "ಇದನ್ನ ಇಟ್ಕೊಂಡಿರಿ. ಬೀಳಿಸಬೇಡಿ, ಹೊಸದು," ಎಂದಳು. ಒಂದು ಕೈಯಿಂದ ಪೈಪು ಹಿಡಿದು ಬೆಲ್ಟ್ ಬಿಡಿಸಿಕೊಂಡಳು. ಅವಳ ಇಡೀ ಭಾರ ಆ ಒಂದು ತೋಳಿನ ಮೇಲೆ ಬಿದ್ದದ್ದನ್ನು ಅವನು ಕೆಳಗಿನಿಂದ ಕಂಡ. ಕೈ ಮೇಲೆ ಕೈ ಇಡುತ್ತ, ತೆರೆದ ಬಾಗಿಲಿನ ಕಂಡಿಯಿಂದ ಅವಳು ಆಕಾಶಕ್ಕೆ ಏರಿಹೋದಳು. ಎರಡು ಕಾಲಿದ್ದ ಅವನಿಗೆ ಎಲ್ಲಿ ಯಾವುದನ್ನು ಊರಬೇಕೆಂಬುದೇ ತಿಳಿಯದೆ ಒದ್ದಾಡುವಂತಾಯಿತು. ಅವಳು ಮೇಲಿನಿಂದ ಬಗ್ಗಿ, ತಲೆ ಮೇಲಿನ ಪೈಪು ಹಿಡೀರಿ, ಬಲಗಾಲು ಗೇರಿನ ಬುಡಕ್ಕೆ ಕೊಡಿ, ಈಗ ಎದ್ದೇಳಿ ಎಂದು ಒಂದೊಂದಾಗಿ ಹೇಳಿದಳು. ಕಂಕುಳಲ್ಲಿ ನಾದಿನಿಯ ಕಾಲನ್ನು ಅವಚಿಕೊಂಡು, ಅವಳ ಕೈ ಹಿಡಿದು, ಭಾವ ಹೊರಗೆ ಬಂದ.

ಹಿಂದೆ, ಹೊಸ ಪೈಪುಗಳಿಗೆ ಬೆಲ್ಟಿನಿಂದ ಬಿಗಿದಿದ್ದ ಸಿಲಿಂಡರುಗಳಲ್ಲಿ ಒಂದೂ ಅಲುಗಿರಲಿಲ್ಲ.

ಕೇಂದ್ರದಿಂದ ಇಬ್ಬರು ಓಡಿಬಂದರು. ಜೀಪಿನಲ್ಲಿದ್ದ, ತಂತಿಹಗ್ಗ ಸುತ್ತುವ ಕೈ ರಾಟೆಯನ್ನು ಮೇಲಿನ ಬಂಡೆಗೆ ಕಟ್ಟಿ, ಎಲ್ಲರೂ ಸೇರಿ ಹಲ್ಲು ಹಲ್ಲಾಗಿ ಎಳೆದು ಗಾಡಿಯನ್ನು ನೆಟ್ಟಗೆ ಮಾಡಿ ಮತ್ತೆ ದಾರಿಗೆ ಹತ್ತಿಸಿದರು. ಅವಳು ಇಂಜಿನ್ನಿನ ಆಯಿಲ್ ಕೆಳಗಿಳಿಯಲಿ ಎಂದು ಕಾದಳು, ಅದನ್ನು ಅಳೆಯುವ ಕಡ್ಡಿ ಎತ್ತಿ ನೋಡಿದಳು, ಮತ್ತೆ ಕಾದಳು. ಆಮೇಲೆ ಕಾಲು ಕಟ್ಟಿಕೊಂಡು, ಪೈಪು ಹಿಡಿದು ಏರಿ, ಒಂದನೇ ಗೇರಿನಲ್ಲಿ ಹೊರಟಳು. ಭಾವ ಮತ್ತೆ ಅವಳ ಪಕ್ಕದಲ್ಲೇ ಕೂತ. ನಡೆದು ಬರುತ್ತೇನೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ನೆತ್ತಿಯ ಮೇಲೆ ಒಂದು ಚಿಕ್ಕ ಕಟ್ಟಡ, ಸುತ್ತ ಬರೀ ಆಕಾಶ. ಅವಳು ತಂದ ಹೈಡ್ರೋಜನ್ ಸಿಲಿಂಡರಿನಿಂದ ಅವರು ಮನುಷ್ಯನಿಗಿಂತ ಎತ್ತರದ ಬಿಳಿಯ ಬಲೂನೊಂದನ್ನು ತುಂಬಿಸಿ, ಕೆಳಗೊಂದು ಪುಟ್ಟ ಯಂತ್ರ ಕಟ್ಟಿ, ಕೈಬಿಟ್ಟರು. ಅದು ಏರಿತು, ಏರುತ್ತಲೇ ಹೋಯಿತು. ಮೋಡಕ್ಕೂ ಮೇಲೆ, ಗಾಳಿಯೇ ತೆಳ್ಳಗಾಗುವ ಕಡೆಗೆ ಹೋಗುತ್ತದೆ, ಅಲ್ಲಿನ ಚಳಿಯ ಸುದ್ದಿ ಕಳಿಸುತ್ತದೆ ಎಂದು ಅವರಲ್ಲೊಬ್ಬ ಹೇಳಿದ. ಭಾವ ಕತ್ತು ನೋಯುವವರೆಗೆ ನೋಡಿದ. ಜೀವಮಾನವಿಡೀ ನೆಲಕ್ಕೆ ನಾಟುವ ವಸ್ತುಗಳನ್ನೇ ಮಾಡಿದವನ ಕಣ್ಣಲ್ಲಿ ಯಾಕೋ ನೀರು ಬಂತು. ಪಕ್ಕಕ್ಕೆ ತಿರುಗಿದರೆ ನಿಧಾನಿ ಬಲೂನನ್ನು ನೋಡುತ್ತಿರಲಿಲ್ಲ; ಚಕ್ರಗಳ ಬಳಿ ಬಗ್ಗಿ ಗಾಳಿ ಸರಿಯಿದೆಯೇ ಎಂದು ಒತ್ತಿ ನೋಡುತ್ತಿದ್ದಳು. ಅವಳಿಗೆ ಇದು ದಿನದ ಕೆಲಸ. ಆ ಎತ್ತರಕ್ಕಿಂತ ಅವನಿಗೆ ದೊಡ್ಡದಾಗಿ ಕಂಡದ್ದು ಅದು.

ಮನೆಗೆ ಬಂದು ಅವನು ಏನನ್ನೂ ಮುಚ್ಚಿಡಲಿಲ್ಲ. ಹೆಂಡತಿ ಎಲ್ಲವನ್ನೂ ಕೇಳಿ ಎದ್ದು ಅಡುಗೆಮನೆಗೆ ಹೋದಳು. ಬಂಡೆಗೆ ಸಿಕ್ಕಿದ ಪೈಪು ತುಸು ಬಾಗಿತ್ತು. ಬಾಗಿದ್ದನ್ನು ನೆಟ್ಟಗೆ ಮಾಡಿದರೆ ಮತ್ತೆ ನಂಬುವ ಹಾಗಿಲ್ಲವೆಂದು ಅದನ್ನು ಬಿಚ್ಚಿ, ಹೊಸ ಪೈಪು ಬಗ್ಗಿಸಿ ತಂದು ತೊಡಿಸಿದ. ಪೈಪಿನ ಮೇಲೆ ಮೆತ್ತೆಯಾಗಿ ಸ್ಪಾಂಜು ಸುತ್ತುತ್ತಿದ್ದಾಗ ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು. ಹೆಂಡತಿ ಬಂದಿದ್ದಳು. ಒಳಗೆ ನಡೆದು, ಸೆರಗು ಸಿಕ್ಕಿಸಿಕೊಂಡು, ಜೀಪು ಹತ್ತಿ ತಂಗಿಯ ಸೀಟಿನಲ್ಲಿ ಕೂತಳು. ಪೈಪನ್ನು ಎರಡೂ ಕೈಯಿಂದ ಹಿಡಿದು ಬಲವಾಗಿ ಅಲುಗಾಡಿಸಿದಳು. ಜೀಪು ಅಲುಗಿತು, ಪೈಪು ಅಲುಗಲಿಲ್ಲ. ತಲೆಯನ್ನು ಅತ್ತ ಇತ್ತ ವಾಲಿಸಿ ನೋಡಿದಳು.

"ಇಲ್ಲಿ ಅವಳ ತಲೆ ತಾಗುತ್ತೆ ರೀ. ಇನ್ನೊಂದು ಸುತ್ತು ಹಾಕಿ," ಎಂದಳು.

ಅವನು ಇನ್ನೊಂದು ಸುತ್ತು ಹಾಕಿದ. ಅವಳು ಸ್ಪಾಂಜಿನ ತುದಿಯನ್ನು ಹಿಡಿದುಕೊಂಡಳು.