ತಲೆಕಡೆಗೆ ಹೆಗಲು ಕೊಟ್ಟವರು

ಕಾರವಾರ, ಅಂಕೋಲೆಯ ಮೈದಾನಗಳಲ್ಲಿ ಮೂರು ದಶಕ ಮಕ್ಕಳನ್ನು ಓಡಿಸಿ, ಆಡಿಸಿ, ಗೆದ್ದ ತಂಡದ ಫೋಟೋಕ್ಕೆ ಮಾತ್ರ ಒಮ್ಮೆಯೂ ನಿಲ್ಲದ ದೈಹಿಕ ಶಿಕ್ಷಕರೆಂದರೆ ಶ್ರೀ ಕಾಯ್ತಾನ ಮಿನೇಜಿಸ್ ಮಾಸ್ತರರು. ನಿವೃತ್ತಿಯ ಈ ಹೊತ್ತಿನಲ್ಲಿ ಅವರನ್ನು ಹೊಗಳಹೊರಟರೆ, "ಸಾಕು ಮಾರಾಯ್ರೆ, ನಾನಿನ್ನೂ ಸತ್ತಿಲ್ಲ" ಎಂದು ಗದರುತ್ತಾರೆ. ಗದರಲಿ, ನಾವು ಬಿಡುವವರಲ್ಲ.

ಚರ್ಚಿನ ಶಾಲೆಗೆ ಸೇರಿದ ಹೊಸತರಲ್ಲಿ, ಭಾವಿಕೇರಿಯ ಹುಡುಗಿ ವಿನುತಾ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿ ಪಾದ ಸೀಳಿಕೊಂಡಾಗ, ಅತಿಥಿಗಳ ಎದುರೇ ಕುಕ್ಕರಗಾಲಲ್ಲಿ ಕುಳಿತು ಆ ಕಾಲು ತೊಳೆದವರು ಅವರು. ಹಿರಿಯರೊಬ್ಬರು ಮೂಗು ಮುರಿದರು. ಮಾಸ್ತರರು ತಲೆಯೆತ್ತದೆ, "ಕಾಲು ತೊಳಿಯೂಕೆ ಪವಿತ್ರ ಗುರುವಾರವೇ ಬರ್ಬೇಕಾ?" ಎಂದರು. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಚರ್ಚಿನಲ್ಲಿ ಕಾಲು ತೊಳೆಯುವುದು ಆ ದಿನವೇ.

ಸತ್ತವರನ್ನು ಹೊರಲು ಅವರ ಚರ್ಚಿನಲ್ಲಿ 'ಕೊಂಫ್ರಾರಿಯಾ' ಎಂಬ ಹಳೆಯ ಬಳಗವಿದೆ. ಬಡವನಿರಲಿ, ಬಲ್ಲಿದನಿರಲಿ, ಹೆಗಲ ಮೇಲೆಯೇ ಹೋಗಬೇಕೆಂಬುದು ಅದರ ಕಟ್ಟಳೆ. ಕೋವಿಡ್ಡಿನ ಎರಡನೆಯ ಅಲೆಯಲ್ಲಿ ಬಳಗದ ಮುದುಕರೆಲ್ಲ ಮನೆ ಹಿಡಿದರು. ಹೆಣವೊಂದನ್ನು ಹಗ್ಗ ಕಟ್ಟಿ ಎಳೆಯುವುದನ್ನು ಮಾಸ್ತರರು ಕಂಡರು. ಮರುದಿನವೇ ತಾವೂ ಸೇರಿ ಐವರ ತಂಡ ಕಟ್ಟಿದರು. ನಾಲ್ವರು ಹೊರುವುದು, ಒಬ್ಬರು ಔಷಧಿ ಸಿಂಪಡಿಸುವುದು. ಚರ್ಚಿನ ತಂಡವೆಂಬುದು ಹೆಸರಿಗಷ್ಟೇ. ಹಬ್ಬುವಾಡದ ರಾಮನಾಥರು, ಹಳೆಯ ವಿದ್ಯಾರ್ಥಿ ಸುಭಾಷ, ಕೂಲಿಯ ಬಾಳಾ, ಔಷಧಿ ಸಿಂಪಡಿಸುವ ಹುಡುಗ ಎಲ್ಲರೂ ಹಿಂದೂಗಳೇ. ಭಾರ ಹೆಚ್ಚಿರುವ ತಲೆಕಡೆಯನ್ನು ಬಾಳಾ ಯಾರಿಗೂ ಬಿಡುತ್ತಿರಲಿಲ್ಲ. "ನಂಗೆ ಕಲ್ಲು ಹೊತ್ತು ರೂಢಿ, ನೀವು ಕಾಲ್ಕಡೆ ಹೋಗಿ" ಎನ್ನುತ್ತಿದ್ದ.

ಆ ಬಾಳಾನೇ ಜ್ವರ ಹಿಡಿದು ವಾರದೊಳಗೆ ತೀರಿಕೊಂಡ.

ಮಾಸ್ತರರ ಹೆಂಡತಿ ಸೆವ್ರಿನಾ ಬಾಯಿ ಆಗ ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು, ಅವರ ಆರೈಕೆಗೆಂದು ಮಾಸ್ತರರು ಕೆಲದಿನಗಳಿಂದ ಮನೆಯಲ್ಲಿದ್ದರು. ಹೊತ್ತು ಬಂದವರು ಮನೆಯಿಂದ ದೂರ, ಶಾಲೆಯ ಕೋಣೆಯಲ್ಲಿ ಉಳಿಯಬೇಕಿತ್ತು. ಹೋದರೆ ಹೆಂಡತಿಯನ್ನು ಮತ್ತೆ ಕಾಣುವುದೇ ಅನುಮಾನ. ಹೋಗದಿದ್ದರೆ ಉಳಿದ ಮೂವರಿಂದ ಚಟ್ಟ ಏಳದು, ಬಾಳಾನನ್ನೂ ಹಗ್ಗದಲ್ಲಿ ಎಳೆಯುತ್ತಾರೆ. ಮಾಸ್ತರರು ಬಾಗಿಲಲ್ಲಿ ಕಂಬದಂತೆ ನಿಂತುಬಿಟ್ಟರು. ಒಳಗಿನಿಂದ ಸೆವ್ರಿನಾ ಬಾಯಿಯೇ ಬೈದರು: "ಎಂತ ನೋಡ್ತಾ ನಿಂತ್ರಿ? ಹೋಗಿ. ಅವನ್ನ ಎಳ್ಕಂಡು ಹೋಗೂಕೆ ಬಿಡ್ಬೇಡಿ. ನಾನೇನು ಇವತ್ತೇ ಸಾಯೂದಿಲ್ಲ."

ಆ ದಿನ ಸಾಯಲಿಲ್ಲ, ನಿಜ. ಬಾಳಾನಿಗೆ ಹೆಗಲು ಕೊಟ್ಟು ಬಂದ ಮಾಸ್ತರರನ್ನು ಜ್ವರ ಹಿಡಿಯಿತು. ಅವರು ಶಾಲೆಯ ಕೋಣೆಯಲ್ಲಿ ಕೆಮ್ಮುತ್ತ ಬಿದ್ದಿದ್ದಾಗಲೇ ಸೆವ್ರಿನಾ ಬಾಯಿ ತೀರಿಹೋದರು. ಹೊರಗೆ ಕಾಲಿಡಲು ಮಾಸ್ತರರಿಗೆ ಅಪ್ಪಣೆಯಿರಲಿಲ್ಲ. ಇಷ್ಟೊಂದು ಮಂದಿಯನ್ನು ಮಣ್ಣಿಗೆ ಮುಟ್ಟಿಸಿದವರಿಗೆ ಸ್ವಂತ ಹೆಂಡತಿಯ ಮುಖ ನೋಡುವ ಭಾಗ್ಯವಿರಲಿಲ್ಲ. ದೇವರ ಲೆಕ್ಕ ನಮಗೆ ಇಂದಿಗೂ ತಿಳಿದಿಲ್ಲ, ಅವರಿಗೂ ತಿಳಿದಂತಿಲ್ಲ. ಕಿಟಕಿಯ ಸರಳು ಹಿಡಿದು, ಚರ್ಚಿನ ಸಾವಿನ ಗಂಟೆ ಕೇಳುತ್ತ ನಿಂತರು. ಮೂವರೇ ಉಳಿದಿದ್ದಾರೆ, ಸೆವ್ರಿನಾಳನ್ನು ಎಳೆದೇ ಒಯ್ದರು ಎಂದುಕೊಂಡರು. ಸಂಜೆ ಸುಭಾಷನ ಫೋನು ಬಂತು.

"ಎಳೆದ್ರಾ?" ಎಂದು ಮಾಸ್ತರರು ಕೇಳಿದರು.

"ಇಲ್ಲ ಸರ್. ಹೊತ್ವಿ."

"ತಲೆಕಡೆ ಯಾರು?"

"ಕಮಲಿ."

ಬಾಳಾನ ಹೆಂಡತಿ! ಗಂಡನ ಸೂತಕ ಕಳೆಯುವ ಮೊದಲೇ ಹೊಸ್ತಿಲು ದಾಟಿದ್ದಳು. ಹೆಂಗಸು ಹೆಣ ಹೊರುವುದುಂಟೇ ಎಂದು ಕೇರಿಯವರು ತಡೆದರೆ, "ನನ್ನ ಗಂಡನ್ನ ಹೊರೂಕೆ ಮಾಸ್ತರ್ರು ಬಾಯಮ್ಮನ್ನ ಬಿಟ್ಟು ಬಂದ್ರು. ಈಗ ನಿಮ್ಮಲ್ಲಿ ಯಾರು ಬರ್ತ್ರಿ, ಬನ್ನಿ. ಇಲ್ದಿದ್ರೆ ಬದಿಗೆ ಸರೀರಿ" ಎಂದಳಂತೆ. ಯಾರೂ ಬರಲಿಲ್ಲ.

ಕ್ರಿಸ್ತನ ಸೇವೆಯೆಂದರೇನೆಂದು ಕೇಳುವವರಿಗೆ ಮಾಸ್ತರರು ಉಪದೇಶ ಮಾಡುವುದಿಲ್ಲ, ಕಮಲಿಯ ಮನೆಯ ದಾರಿ ತೋರಿಸುತ್ತಾರೆ. ಅವಳು ಈಗಲೂ ತಂಡದಲ್ಲಿದ್ದಾಳೆ. ಶಾಲೆ ಅವರನ್ನು ಬಿಟ್ಟುಕೊಟ್ಟಿತು, ನಾವು ಬಿಟ್ಟುಕೊಡಲಾರೆವು. ಮಾಸ್ತರರು ಗಟ್ಟಿಯಾಗಿ, ಬಹುಕಾಲ ಬಾಳಲಿ. ತಲೆಕಡೆಯಲ್ಲಿ ಕಮಲಿಯ ಜೊತೆಗೆ ಇನ್ನೊಂದು ಹೆಗಲು ಬೇಕು.