ಎರಡು ಮಗ್ಗಕ್ಕೆ ಆರು ಕುರಿ

ಆರು ಕುರಿಗೆ ನಾನು ಕೊಟ್ಟದ್ದು ಎರಡು ಮಗ್ಗ. ಸೋಮನೂರಿನ ನಮ್ಮ ಶೆಡ್ಡಿನಲ್ಲಿದ್ದ ನಾಲ್ಕು ಪವರ್‌ಲೂಮ್‌ಗಳಲ್ಲಿ ಎರಡನ್ನು ಹಳೇ ಕಬ್ಬಿಣದ ತೂಕಕ್ಕೆ ಮಾರಿ, ಅದರಲ್ಲೇ ಕುರಿ, ತಂತಿಬೇಲಿ, ತಗಡಿನ ಮಾಡು, ಲಸಿಕೆ ಎಲ್ಲ ಮುಗಿಸಿದೆ. ಕೂಲಿ ನೇಯ್ಗೆಯಲ್ಲಿ ಕರೆಂಟು ಬಿಲ್ಲು ಕಳೆದರೆ ಕೈಗೆ ಹತ್ತುವುದು ಅಷ್ಟಕ್ಕಷ್ಟೆ. ಅದೊಂದು ಕಾರಣ. ಇನ್ನೊಂದನ್ನು ಹೇಳಲು ಸ್ವಲ್ಪ ನಾಚಿಕೆ: ಅಲ್ಪಾಕ.

ತಿರುಪ್ಪೂರಿನ ನೂಲು ವ್ಯಾಪಾರಿಯೊಬ್ಬರು ಒಂದು ಉಂಡೆ ಉಣ್ಣೆ ನೂಲನ್ನು ನನ್ನ ಅಂಗೈಯಲ್ಲಿಟ್ಟಿದ್ದರು. ಅಲ್ಪಾಕ ಎಂಬ ಉದ್ದ ಕತ್ತಿನ ದೂರದೇಶದ ಪ್ರಾಣಿಯದಂತೆ. ಹತ್ತಿ ನೂಲನ್ನು ಬೆರಳಲ್ಲಿ ಉಜ್ಜಿಯೇ ಅದರ ಕೌಂಟು, ಎಳೆ ಎಷ್ಟು ಸಣ್ಣದೆಂಬ ಲೆಕ್ಕ, ಹೇಳುವವಳು ನಾನು, ಅದನ್ನು ಮುಟ್ಟಿ ಕೌಂಟು ಬಿಟ್ಟು ಬೆಲೆ ಕೇಳಿದೆ. ಬಸ್ಸು ಸೋಮನೂರು ತಲುಪುವಷ್ಟರಲ್ಲಿ ಮನಸ್ಸಿನಲ್ಲೇ ಇಪ್ಪತ್ತು ಅಲ್ಪಾಕ ಸಾಕಿ ಮುಗಿಸಿದ್ದೆ. ಊರಿನ ಪಶುವೈದ್ಯರನ್ನು ಕೇಳಿದರೆ ನಕ್ಕರು. ಅದನ್ನು ಹೊರದೇಶದಿಂದ ತರುವುದು ನಮ್ಮ ಕೈಯಲ್ಲಾಗುವ ಕೆಲಸವಲ್ಲ, ತಂದರೂ ಇಲ್ಲಿನ ಬೇಸಿಗೆ ದಾಟುವುದು ಕಷ್ಟ, ಉಣ್ಣೆಯೇ ಬೇಕೆಂದರೆ ಈ ಕಡೆಯ ನಾಟಿ ಕುರಿ ಸಾಕಿ, ಉಣ್ಣೆ ಒರಟು, ಆದರೆ ಮರಿ ಮಾರಿ ಬದುಕಬಹುದು ಅಂದರು.

ಗಂಡ ಒಪ್ಪಲು ಹದಿನೈದು ದಿನ ಹಿಡಿಯಿತು. ಒಪ್ಪಿದ್ದೂ ಷರತ್ತಿನ ಮೇಲೆ.

"ದೀಪಾವಳಿ ಒಳಗೆ ಮರಿ ಬಂದ್ರೆ ಸರಿ. ಇಲ್ಲಾಂದ್ರೆ ಮಿಕ್ಕಿದ್ ಎರಡು ಮಗ್ಗಾನೂ ಮಾರ್ಬುಟ್ಟು ನಾನು ಇನ್ನೊಬ್ರ ಶೆಡ್‌ಗೆ ಕೂಲಿಗೆ ಓಗ್ತೀನಿ."

ಐವತ್ತು ದಾಟಿದ, ಸ್ವಂತ ಶೆಡ್ಡಿರುವ ಮನುಷ್ಯ. ಆದರೂ ನಾನು ಹೂಂ ಅಂದೆ. ಪೊಳ್ಳಾಚಿ ಸಂತೆಯಲ್ಲಿ ಆರಿಸಿದ ಆರರಲ್ಲಿ ಮೂರು ಗಬ್ಬದವು. ಚೌಕಾಸಿಯಲ್ಲಿ ಮಾರುವವನು ಎರಡು ಸಲ ಹಗ್ಗ ಹಿಡಿದು ಹೊರಟ, ನಾನು ಒಂದು ಸಲ ಬಸ್ಸು ಹತ್ತಿಯೇ ಕೂತೆ. ಕೊನೆಗೆ ಸಾಗಣೆ ಖರ್ಚೂ ಅವನ ತಲೆಗೇ ಬಿತ್ತು.

ಮಗ್ಗದಡಿ ಬೀಳುವ ತುಂಡು ನೂಲನ್ನು ವಾರಕ್ಕೊಮ್ಮೆ ಒಬ್ಬ ವ್ಯಾಪಾರಿ ತೂಗಿಸಿಕೊಂಡು ಹೋಗುತ್ತಾನೆ. ನಾವು ಅದಕ್ಕೆ ವೇಸ್ಟು ಅನ್ನುತ್ತೇವೆ. ಕುರಿ ಬಂದ ವಾರವೇ ಅವನು ಕಿಲೋಗೆ ಎರಡು ರೂಪಾಯಿ ಇಳಿಸಿದ. ನಾನು ಬಿಡಲಿಲ್ಲ. ಗಿಟ್ಟುವುದಿಲ್ಲ ಅಮ್ಮಣಿ, ಬೇಕಾದರೆ ನೀವೇ ಇಟ್ಟುಕೊಳ್ಳಿ ಅಂದ ತಮಿಳಿನಲ್ಲಿ. ಇಟ್ಟುಕೊಂಡು ಕುರಿಗೆ ಮೆತ್ತೆ ಹಾಸುತ್ತೇನೆ, ನಿನಗೆ ಕೊಡುವುದಿಲ್ಲ ಅಂದೆ. ಮಾತಿಗೆ ಅಂದದ್ದು. ಅವನು ಹೋದ ಮೇಲೆ ಯೋಚಿಸಿದರೆ ಅದೇ ಲಾಭ ಅನ್ನಿಸಿತು, ಹಾಸಲು ಹುಲ್ಲು ಕೊಳ್ಳುವುದು ತಪ್ಪುತ್ತದೆ. ಎರಡು ಚೀಲ ಸುರಿದೆ. ಕುರಿಗಳು ಮೂಸಿ ನೋಡಿ ಮಲಗಿದವು. ಬೀದಿಯವರನ್ನೆಲ್ಲ ಕರೆದು ತೋರಿಸಿದೆ.

ಮರೆತದ್ದು ಒಂದೇ. ಮಗ್ಗಕ್ಕೇರುವ ಹಾಸುನೂಲು, ನಮ್ಮ ಮನೆಮಾತಿನ ಪಾವು, ಗಂಜಿಯಲ್ಲಿ ಅದ್ದಿ ಒಣಗಿಸಿದ್ದು; ವೇಸ್ಟಿನಲ್ಲಿ ಬೀಳುವುದೂ ಅದೇ. ನಮ್ಮ ಕಣ್ಣಿಗೆ ಅದು ನೂಲು. ಕುರಿಯ ನಾಲಗೆಗೆ ಗಂಜಿ.

ಒಂದೂವರೆ ತಿಂಗಳಾದ ಮೇಲೆ ಗಬ್ಬದ ಕುರಿಯೊಂದು ಮೇವು ಬಿಟ್ಟಿತು. ಮೆಲುಕು ನಿಂತಿತು, ಎಡಪಕ್ಕೆ ಉಬ್ಬಿತು. ಈಯುವ ಹೊತ್ತು ಹತ್ತಿರ ಬಂದಿರಬೇಕು ಎಂದು ನಾನೇ ತೀರ್ಮಾನಿಸಿದೆ. ಡಾಕ್ಟರರ ಫೀಸು ಉಳಿಯಲಿ ಎಂದು ಎರಡು ದಿನ ಕಾದೆ. ಮೂರನೆಯ ಬೆಳಗ್ಗೆ ಅದು ಸತ್ತಿತ್ತು, ಗಬ್ಬದ ಇನ್ನೊಂದು ಕಾಲು ಚಾಚಿ ಬಿದ್ದಿತ್ತು.

ಪಶುವೈದ್ಯರು ಬಂದು ಸತ್ತದ್ದನ್ನು ಕೊಯ್ದರು. ಹೊಟ್ಟೆಯಿಂದ ತೆಂಗಿನಕಾಯಿ ಗಾತ್ರದ ಗಟ್ಟಿ ಗಂಟೊಂದು ಬಂತು. ಗರ್ಭದಲ್ಲಿ ಎರಡು ಮರಿ, ಮೈಮೇಲೆ ಕೂದಲು ಕೂಡ ಮೂಡಿತ್ತು. ಗಂಡ ಆ ಗಂಟನ್ನು ನಲ್ಲಿಯಡಿ ತೊಳೆದು, ಒಂದು ಎಳೆ ಬಿಡಿಸಿ, ಬೆರಳಲ್ಲಿ ಉಜ್ಜಿದರು.

"ನಲ್ವತ್ತರ ಪಾವು. ನಮ್ದೇ."

ಬೈಯಲಿಲ್ಲ. ಬೈದಿದ್ದರೆ ನಾನು ವಾದಿಸಿ ಗೆಲ್ಲುತ್ತಿದ್ದೆ.

ಮಧ್ಯಾಹ್ನಕ್ಕೆ ಎರಡನೆಯದೂ ಹೋಯಿತು. ಗಬ್ಬದ ಮೂರನೆಯದು ಎಣ್ಣೆ, ಔಷಧಿ ಕುಡಿದು ಬದುಕಿತು, ಆದರೆ ಹೊಟ್ಟೆಯಲ್ಲಿದ್ದ ಮರಿಯನ್ನು ಕಂದು ಹಾಕಿತು. ಮರಿಯಿಲ್ಲದೆ ದೀಪಾವಳಿ ಕಳೆಯಿತು. ಪೊಂಗಲ್‌ವರೆಗೆ ನೋಡೋಣ ಎಂದು ನಾನು ರಾಗ ಎಳೆದೆ. ಕೇಳಿದ ಬೆಲೆಯನ್ನು ಅರ್ಧಕ್ಕಿಳಿಸುವ ನನ್ನ ಬಾಯಿ ಅವರ ಮುಂದೆ ನಡೆಯಲಿಲ್ಲ. "ಒಪ್ಪಿದ್ಮೇಲೆ ಮಾತಾಡ್ಬಾರ್ದು ಅಂತ ಊರ್ಗೆಲ್ಲಾ ಏಳೋಳು ನೀನೇ ತಾನೆ?" ಅಂದರು ಅಷ್ಟೆ. ಮುಂದಿನ ವಾರ ಎರಡೂ ಮಗ್ಗ ಲಾರಿ ಹತ್ತಿದವು. ಈಗ ಬೆಳಗ್ಗೆ ಏಳಕ್ಕೆ ಊಟದ ಡಬ್ಬಿ ಹಿಡಿದು ಅವರು ಪಕ್ಕದ ಬೀದಿಯ ಶೆಡ್ಡಿಗೆ ಹೋಗುತ್ತಾರೆ. ಮಗ್ಗಗಳಿದ್ದ ಜಾಗದಲ್ಲಿ ನಾಲ್ಕು ಕುರಿ ಮಲಗುತ್ತವೆ, ಒಣಹುಲ್ಲಿನ ಮೇಲೆ.

ನೀವು ಕುರಿ ಸಾಕಿ, ಮೊಲ ಸಾಕಿ, ಹೇಗಾದರೂ ಮಾಡಿ ಅಲ್ಪಾಕವನ್ನೇ ತಂದು ಸಾಕಿ, ನಾನು ಬೇಡ ಅನ್ನುವುದಿಲ್ಲ. ಪ್ರಾಣಿಯ ಬೆಲೆಯಲ್ಲಿ ಎಷ್ಟು ಬೇಕಾದರೂ ಎಳೆದಾಡಿ, ಡಾಕ್ಟರರನ್ನು ಕರೆಸುವುದರಲ್ಲಿ ಮಾತ್ರ ಎಳೆದಾಡಬೇಡಿ. ಮೇವು ಬಿಟ್ಟ ದಿನವೇ ಕರೆಸಿ. ಒಂದು ವರ್ಷದ ಮೇವಿನ ದುಡ್ಡನ್ನು ಮೊದಲೇ ಎತ್ತಿಡಿ. ನಿಮ್ಮ ಕಸುಬಿನಿಂದ ಪುಕ್ಕಟೆ ಸಿಗುವುದು ಏನಿದ್ದರೂ ಪ್ರಾಣಿಯ ಕಾಲಡಿ ಹಾಸುವ ಮುಂಚೆ ಒಮ್ಮೆ ನಿಮ್ಮ ನಾಲಗೆಗೆ ಮುಟ್ಟಿಸಿ ನೋಡಿ. ರುಚಿ ಹತ್ತಿದರೆ ಹಾಸಬೇಡಿ. ವೇಸ್ಟಿನವನು ಎರಡು ರೂಪಾಯಿ ಇಳಿಸಿದರೆ, ಇಳಿಸಿದ ಬೆಲೆಗೇ ಕೊಟ್ಟುಬಿಡಿ.